ಟ್ಸಾನೀನ್ ಕಡೆಯ ಹಣ್ಣಿನ ತೋಟದಲ್ಲಿ ಅತಿಥಿ ಕೊಠಡಿ: ಡಿಸೆಂಬರ್‌ನಲ್ಲಿ ಬಾಗಿಲು ತೆರೆಯಬೇಕೇ?

ಲೆಟಾಬಾ_ಲೆಕ್ಕ
ದಕ್ಷಿಣ ಆಫ್ರಿಕಾದ ಲಿಂಪೊಪೊ ಪ್ರಾಂತ್ಯ, ಮೊಪಾನಿ ಜಿಲ್ಲೆ, ಟ್ಸಾನೀನ್ ಪಟ್ಟಣದ ಹತ್ತಿರದ ಒಂದು ಕುಟುಂಬದ ತೋಟದ ಲೆಕ್ಕಪತ್ರ ನನ್ನ ಕೈಯಲ್ಲಿದೆ. ಒಟ್ಟು 32 ಹೆಕ್ಟೇರ್. ಅದರಲ್ಲಿ 16 ಹೆಕ್ಟೇರ್ ಬೆಣ್ಣೆಹಣ್ಣು (ಅರ್ಧ ಹಾಸ್ ತಳಿ, ಮಿಕ್ಕಿದ್ದು ಫ್ಯುಯರ್ಟೆ ಮತ್ತು ರಯಾನ್ ತಳಿ), 4 ಲಿಚಿ, 5 ಮಾವು, 7 ಮಕಾಡಾಮಿಯಾ (ಗಟ್ಟಿ ಚಿಪ್ಪಿನೊಳಗೆ ತಿನ್ನುವ ಬೀಜ ಬಿಡುವ ಮರ). ಮಕಾಡಾಮಿಯಾ ಬೆಲೆ 2022–23ರಲ್ಲಿ ಕುಸಿದ ಮೇಲೆ ಬೇರೆ ಆದಾಯ ಬೇಕೇ ಬೇಕು ಅಂತ ಮನೆಯವರು ಆರು ಕೊಠಡಿ ಕಟ್ಟುವ ಯೋಚನೆಯಲ್ಲಿದ್ದಾರೆ. ಕ್ರೂಗರ್ ಅಭಯಾರಣ್ಯದ ಫಲಬೊರ್ವಾ ಗೇಟಿಗೆ ಸುಮಾರು 110 ಕಿ.ಮೀ. ಹತ್ತಿರದಲ್ಲೇ ಮಾಖೂಬಾಸ್‌ಕ್ಲೂಫ್ ಘಾಟಿ, ಡೆಬೆಂಗೇನಿ ಜಲಪಾತ, ಮೊಜಾಜಿಯ ಸೈಕಾಡ್ (ತಾಳೆಯಂತೆ ಕಾಣುವ ಪುರಾತನ ಜಾತಿಯ ಗಿಡ) ಕಾಡು ಇವೆ.

ಮನೆಯವರ ವಾದ: ಡಿಸೆಂಬರ್ ಮಧ್ಯದಿಂದ ಜನವರಿ ಮಧ್ಯದವರೆಗೆ ಅಲ್ಲಿನ ಶಾಲೆಗಳಿಗೆ ದೊಡ್ಡ ರಜೆ, ಲಿಚಿ ಮಾವು ಎರಡೂ ಮರದಲ್ಲಿರುತ್ತವೆ, ಜನ ತಾವಾಗಿಯೇ ಬರುತ್ತಾರೆ. ನನ್ನ ಅನುಮಾನ: ಆ ನಾಲ್ಕು ವಾರ ಕೊಯ್ಲೂ ನಡೆಯುತ್ತಿರುವಾಗ ಅತಿಥಿಗಳನ್ನು ನೋಡಿಕೊಳ್ಳಲು ಕೈಗಳೆಲ್ಲಿ? ತೋಟ, ಹೋಂಸ್ಟೇ ಎರಡೂ ಬಲ್ಲವರು ಹೇಳಿ.

ಕಾಫಿಪುಡಿ
ತೆರೆಯಲಿ. ಕೊಡಗಿನಲ್ಲಿ ಕ್ರಿಸ್‌ಮಸ್, ಹೊಸ ವರ್ಷಕ್ಕೆ ಹೋಂಸ್ಟೇಗಳೆಲ್ಲ ಭರ್ತಿ. ಅದೇ ಹೊತ್ತಿಗೆ ಅರೇಬಿಕಾ ಕೊಯ್ಲೂ ನಡೆಯುತ್ತೆ. ಅಲ್ಲಿ ಆಗೋದು ಇಲ್ಲಿ ಯಾಕಾಗಲ್ಲ?

ದೋಟಿ_ಬುಟ್ಟಿ
ಆಗಲ್ಲ ಅಣ್ಣ, ಯಾಕೆ ಅಂದ್ರೆ ಲಿಚಿ ಕಾಫಿ ಅಲ್ಲ. ಕಾಫಿ ಹಣ್ಣು ನಾಲ್ಕು ದಿನ ಹೆಚ್ಚು ಗಿಡದಲ್ಲಿದ್ದರೆ ಸ್ವಲ್ಪ ಉದುರುತ್ತೆ, ಅಷ್ಟೆ. ಲಿಚಿ ಮರದಲ್ಲಿ ಬಲಿತ ಮೇಲೆ ಸಿಪ್ಪೆ ಬಿರಿಯುತ್ತೆ, ಬಾವಲಿ ಬರುತ್ತೆ. ಕಿತ್ತ ಮೇಲೆ ನೆರಳಲ್ಲಿಟ್ಟರೂ ಎರಡು ಮೂರು ದಿನಕ್ಕೆ ಸಿಪ್ಪೆ ಕಂದು. ಕಿತ್ತ ಮೇಲೆ ಹಣ್ಣಾಗುವ ಜಾತಿಯೂ ಅಲ್ಲ ಅದು, ಮೊದಲೇ ಕಿತ್ತಿಟ್ಟುಕೊಳ್ಳೋಣ ಅನ್ನೋ ಹಾಗಿಲ್ಲ.

ಲೆಕ್ಕ ನೋಡಿ. 9×6 ಮೀಟರ್ ಅಂತರದಲ್ಲಿ ಹೆಕ್ಟೇರಿಗೆ 185 ಮರ, 4 ಹೆಕ್ಟೇರಿಗೆ 740. ಮರಕ್ಕೆ 30 ಕೆ.ಜಿ. ಹಿಡಿದರೂ 22 ಟನ್. ಮಾರಿಷಸ್ ತಳಿಯಾದರೆ ಎಲ್ಲ ಒಟ್ಟಿಗೆ ಬಲಿಯುತ್ತೆ, ಹದಿನೈದು ಕೆಲಸದ ದಿನದಲ್ಲಿ ಮುಗಿಸಬೇಕು. ದಿನಕ್ಕೆ ಸುಮಾರು 1,480 ಕೆ.ಜಿ., ಅಂದ್ರೆ 2 ಕೆ.ಜಿ.ಯ 740 ಪೆಟ್ಟಿಗೆ. ಬೆಳಗ್ಗೆ 5ಕ್ಕೆ ಶುರು ಮಾಡಿ ಬಿಸಿಲೇರುವ ಮೊದಲು, 10ರೊಳಗೆ ಕಿತ್ತಾಗಿರಬೇಕು. ಬಿಸಿಲಲ್ಲಿ ಕಿತ್ತ ಲಿಚಿಯ ನೀರು ಅಲ್ಲೇ ಆರಿಹೋಗುತ್ತೆ, ಕಂದು ಬಣ್ಣ ಶುರುವಾಗೋದು ಅಲ್ಲಿಂದಲೇ. ಅತಿಥಿಗಳು ತಿಂಡಿ ಕೇಳೋದು ಎಷ್ಟು ಹೊತ್ತಿಗೆ? ಎಂಟಕ್ಕೆ.

ಕಾಫಿಪುಡಿ
ಹೌದು, ತಿಂಡಿ ಹೊತ್ತಿನ ವಿಷಯ ಒಪ್ಪಿದೆ. ಆದರೆ ತಿಂಡಿಗೆ ಬೇರೆಯವರನ್ನು ಇಟ್ಟುಕೊಂಡರೆ ಆಯ್ತಲ್ಲ?

ಕೂಲಿ_ಕಾನೂನು
ಇಟ್ಟುಕೊಳ್ಳಬಹುದು, ಖರ್ಚು ಗೊತ್ತಿರಲಿ. ದಕ್ಷಿಣ ಆಫ್ರಿಕಾದಲ್ಲಿ 2021ರಿಂದ ತೋಟದ ಕೆಲಸಕ್ಕೂ ರಾಷ್ಟ್ರೀಯ ಕನಿಷ್ಠ ಕೂಲಿಯೇ ಅನ್ವಯ. 2025ರ ಮಾರ್ಚ್ 1ರಿಂದ ಅದು ಗಂಟೆಗೆ 28.79 ರಾಂಡ್ ಇತ್ತು. ವಾರಕ್ಕೆ 45 ಗಂಟೆ ಮಿತಿ, ಅದರ ಮೇಲೆ ಒಂದೂವರೆ ಪಟ್ಟು. ಭಾನುವಾರ ಮಾಮೂಲಿ ಕೆಲಸದ ದಿನ ಅಲ್ಲದವರಿಗೆ ಅಂದು ಎರಡು ಪಟ್ಟು. ಸರ್ಕಾರಿ ರಜೆಯ ದಿನವೂ ಎರಡು ಪಟ್ಟು. ಡಿಸೆಂಬರ್ 16, 25, 26 ಮತ್ತು ಜನವರಿ 1, ಈ ನಾಲ್ಕು ರಜೆಯೂ ಲಿಚಿ ಕೊಯ್ಲಿನ ಹೊಟ್ಟೆಯೊಳಗೇ ಬೀಳುತ್ತವೆ. ಕ್ರಿಸ್‌ಮಸ್‌ಗೆ ಊರಿಗೆ ಹೊರಟವರನ್ನು ತಡೆಯೋದು ಕಷ್ಟ, ತಡೆಯಲೂ ಬಾರದು. ಅಡುಗೆಗೆ, ಕೊಠಡಿ ಗುಡಿಸಲು ಆ ವಾರಗಳಲ್ಲಿ ಹೊಸಬರು ಸಿಕ್ಕರೂ ಕಲಿಸಲು ಪುರಸೊತ್ತು ಯಾರಿಗೂ ಇರಲ್ಲ.

ಮಲ್ಲಿಗೆ_ಮನೆ
ಪ್ರಶ್ನೆ ಕೇಳಿದವರಿಗೆ: ಲಿಚಿ ಹಣ್ಣಿಗೆ ಕಾಗದದ ಚೀಲ ಕಟ್ಟುತ್ತಾರಾ?

ಲೆಟಾಬಾ_ಲೆಕ್ಕ
ಹೌದು ಮೇಡಂ, ಲಿಚಿ ಪತಂಗದ ಹುಳ ಕಾಯಿ ಕೊರೆಯದ ಹಾಗೆ ಗೊಂಚಲಿಗೆ ಕಟ್ಟುತ್ತಾರೆ, ನವೆಂಬರ್ ಹೊತ್ತಿಗೆ.

ಮಲ್ಲಿಗೆ_ಮನೆ
ಹಾಗಾದ್ರೆ ಕೊಯ್ಲಿನ ದಿನ ಚೀಲ ಬಿಚ್ಚೋ ಕೆಲಸವೂ ಸೇರಿತು. ದೋಟಿ_ಬುಟ್ಟಿಯವರ ಲೆಕ್ಕಕ್ಕೆ ಅದನ್ನೂ ಸೇರಿಸಿಕೊಳ್ಳಿ.

ಬೆಣ್ಣೆಹಣ್ಣು_ಬಾಣಾವರ
ನೀವೆಲ್ಲ ಲಿಚಿ ಹಿಡಿದು ಕೂತಿದ್ದೀರಿ. ಆ ತೋಟದ ಅರ್ಧ ಬೆಣ್ಣೆಹಣ್ಣು. ಪ್ರವಾಸದ ಲೆಕ್ಕವನ್ನು ಅದರ ಸುತ್ತ ಕಟ್ಟಿ. ಫ್ಯುಯರ್ಟೆ ಮಾರ್ಚ್‌ನಿಂದ, ಹಾಸ್ ಮೇ ಹೊತ್ತಿಂದ ಆಗಸ್ಟ್‌ವರೆಗೆ, ರಯಾನ್ ಆಮೇಲೆ. ಬೆಣ್ಣೆಹಣ್ಣು ಮರದಲ್ಲಿ ಹಣ್ಣಾಗೋದೇ ಇಲ್ಲ, ಬಲಿತು ನಿಂತಿರುತ್ತೆ. ಇವತ್ತು ಅತಿಥಿ ಹೆಚ್ಚಿದ್ದರೆ ನಾಳೆ ಕೀಳಬಹುದು. ಜೂನ್, ಜುಲೈ, ಆಗಸ್ಟ್‌ನಲ್ಲಿ ಅಲ್ಲಿ ಚಳಿಗಾಲ, ಮಳೆ ಇಲ್ಲ, ಸೊಳ್ಳೆ ಕಡಿಮೆ, ಕ್ರೂಗರ್‌ನಲ್ಲಿ ಹುಲ್ಲು ಒಣಗಿ ಪ್ರಾಣಿಗಳು ನೀರಿನ ಹತ್ತಿರ ಬರುತ್ತವೆ. ಪ್ರವಾಸಕ್ಕೂ ಅದೇ ಒಳ್ಳೆ ಕಾಲ.

ಮರದಲ್ಲಿ ಕಾಯುವ ಹಣ್ಣು ಯಾವುದು, ಕಾಯದ ಹಣ್ಣು ಯಾವುದು, ಇದೊಂದನ್ನು ನೋಡಿ ಕ್ಯಾಲೆಂಡರ್ ಹಾಕಿ.

ತೊಟ್ಟು_ತೋಟ
ಒಂದು ತಿದ್ದುಪಡಿ. ಬೆಣ್ಣೆಹಣ್ಣು ಕಾಯುತ್ತೆ ನಿಜ, ಪುಕ್ಕಟೆ ಅಲ್ಲ. ಆಗಸ್ಟ್–ಸೆಪ್ಟೆಂಬರ್‌ನಲ್ಲಿ ಹೊಸ ಹೂ ಬರುವಾಗ ಹಳೇ ಕಾಯಿ ಇನ್ನೂ ಜೋತಾಡುತ್ತಿದ್ದರೆ ಮರದ ಪಿಷ್ಟವೆಲ್ಲ ಅದಕ್ಕೇ ಹೋಗಿ ಮುಂದಿನ ವರ್ಷ ಫಸಲು ಕೈಕೊಡುತ್ತೆ. ಒಂದು ವರ್ಷ ಹೊರೆ, ಒಂದು ವರ್ಷ ಬರಿಗೈ, ಈ ಚಕ್ರಕ್ಕೆ ಹಾಸ್ ಬಹಳ ಬೇಗ ಬೀಳುತ್ತೆ. ಹೊರೆ ಹೆಚ್ಚಿದ್ದ ವರ್ಷ ಅತಿಥಿಗೋಸ್ಕರ ಕೊಯ್ಲು ಮುಂದೂಡಬೇಡಿ. ಹತ್ತು ದಿನ ಹಿಂದೆ ಮುಂದೆ ಆದರೆ ತೊಂದರೆ ಇಲ್ಲ, ಎರಡು ತಿಂಗಳು ಬೇಡ.

ಬೆಣ್ಣೆಹಣ್ಣು_ಬಾಣಾವರ
ಒಪ್ಪಿದೆ. ನಾನು ಹೇಳಿದ್ದೂ ಹತ್ತು ದಿನದ ಮಾತೇ.

ಪುಟ್ಟಕ್ಕ_ಹಾಸನ
ಮರದಲ್ಲಿ ಹಣ್ಣಾಗಲ್ಲ ಅಂದ್ರೆ ಬಲಿತಿದೆ ಅಂತ ತಿಳಿಯೋದು ಹೇಗೆ? ನಮ್ಮ ಕಡೆ ಗುಂಡಿಗೆ ಬಡಿದ ಹಾಗೆ ಬೀಜ ಅಲ್ಲಾಡಿದರೆ ಕೀಳ್ತಾರೆ.

ತೊಟ್ಟು_ತೋಟ
ಅಕ್ಕ, ಬೀಜ ಅಲ್ಲಾಡೋದು ಕೆಲವು ನಾಟಿ ಮರಕ್ಕೆ ಸರಿ, ಹಾಸ್‌ಗೆ ನಂಬಿಕೆ ಇಲ್ಲ. ಅಲ್ಲಿ ತಿರುಳಿನ ನೀರಿನ ಅಂಶ ನೋಡ್ತಾರೆ. ಹಾಸ್‌ಗೆ 77%, ಫ್ಯುಯರ್ಟೆಗೆ 80% ದಾಟಿರಬಾರದು. ಅಡುಗೆಮನೆಯಲ್ಲೇ ಮಾಡಬಹುದು: ನಾಲ್ಕೈದು ಹಣ್ಣಿನ ತಿರುಳು ತುರಿದು ಕಲೆಸಿ, ಅದರಲ್ಲಿ 10 ಗ್ರಾಂ ತೂಗಿ, ಮೈಕ್ರೋವೇವ್‌ನಲ್ಲಿ ಸಣ್ಣ ಉರಿಯಲ್ಲಿಟ್ಟು ತೂಕ ಇಳಿಯೋದು ನಿಲ್ಲುವವರೆಗೆ ಒಣಗಿಸಿ. 2.3 ಗ್ರಾಂ ಉಳಿದರೆ ನೀರು 77%. ಕರಟಿದರೆ ಲೆಕ್ಕ ತಪ್ಪುತ್ತೆ, ಮತ್ತೆ ಮಾಡಿ. ಎಳೇದನ್ನು ಕಿತ್ತರೆ ಹಣ್ಣಾಗೋ ಬದಲು ರಬ್ಬರ್ ಥರ ಸುಕ್ಕುಗಟ್ಟುತ್ತೆ.

ಇದನ್ನೇ ಅತಿಥಿಗಳ ಮುಂದೆ ಮಾಡಿ ತೋರಿಸಬಹುದು. ಮಕ್ಕಳಿಗೆ ತೂಕದ ಯಂತ್ರ ಕೊಟ್ಟರೆ ಅರ್ಧ ಗಂಟೆ ಹೋಗಿದ್ದೇ ಗೊತ್ತಾಗಲ್ಲ.

ಜೋಬರ್ಗ್_ಬಸವನಗುಡಿ
ಜೊಹಾನೆಸ್‌ಬರ್ಗ್‌ನಿಂದ ಬರುವ ಭಾರತೀಯ ಕುಟುಂಬಗಳು ಕೇಳುವ ಮೊದಲ ಪ್ರಶ್ನೆ ಒಂದೇ: ನಾವೇ ಕೀಳಬಹುದಾ?

ದೋಟಿ_ಬುಟ್ಟಿ
ಬೆಣ್ಣೆಹಣ್ಣಾದರೆ ಬಿಡಿ, ಆದರೆ ಎಲ್ಲೆಂದರಲ್ಲಿ ಅಲ್ಲ. ರಫ್ತಿನ ಸಾಲಿಗೆ ಅತಿಥಿ ಕಾಲಿಡಬಾರದು. ಮನೆ ಹತ್ತಿರದ 15–20 ಮರ ಬೇರೆ ಮಾಡಿ, ಅಲ್ಲಿ ತಳಿ ಬೆರೆಸಿ ನೆಡಿ. ಕತ್ತರಿ ಇರುವ ದೋಟಿ, ಬಟ್ಟೆ ಚೀಲ, ಹತ್ತಿಯ ಕೈಗವಸು. ತೊಟ್ಟು ಎಳೆದು ಕಿತ್ತರೆ ಅಲ್ಲಿಂದಲೇ ಕೊಳೆ ಶುರು, ಆದ್ದರಿಂದ ತೊಟ್ಟಿನ ಗುಂಡಿ ಉಳಿಯೋ ಹಾಗೆ ಕತ್ತರಿಸಬೇಕು. ನೆಲಕ್ಕೆ ಬಿದ್ದದ್ದನ್ನು ಬುಟ್ಟಿಗೆ ಹಾಕಬೇಡಿ. ಮಳೆಯಲ್ಲಿ ನೆನೆದ ಕಾಯಿ ಮುಟ್ಟಬೇಡಿ, ಸಿಪ್ಪೆ ಮೇಲೆ ಕಪ್ಪು ಚುಕ್ಕೆ ಏಳುತ್ತೆ. ಕಿತ್ತದ್ದನ್ನು ಕಾಗದದ ಚೀಲದಲ್ಲಿ ಒಂದು ಬಾಳೆಹಣ್ಣಿನ ಜೊತೆ ಕಟ್ಟಿಕೊಡಿ, ನಾಲ್ಕೈದು ದಿನಕ್ಕೆ ಊರಲ್ಲಿ ತಿನ್ನಬಹುದು. ಹಾಸ್ ಕಪ್ಪಾಗುತ್ತೆ, ಫ್ಯುಯರ್ಟೆ ಹಸಿರಾಗೇ ಇರುತ್ತೆ ಅಂತ ಚೀಟಿ ಬರೆದಿಡಿ. ಇಲ್ಲದಿದ್ದರೆ ಫ್ಯುಯರ್ಟೆ ಕಪ್ಪಾಗಲಿ ಅಂತ ಕಾದು ಕೊಳೆಸಿಬಿಡ್ತಾರೆ.

ಮಾವು ಕೀಳಲು ಮಾತ್ರ ಬಿಡಬೇಡಿ. ಸೊನೆ ಮುಖಕ್ಕೆ ಸಿಡಿದರೆ ಏನಾಗುತ್ತೆ ಅಂತ ಇಲ್ಲಿ ಯಾರಿಗೂ ಹೇಳಬೇಕಿಲ್ಲ. ಕೆಲಸದವರು ಉದ್ದ ತೊಟ್ಟು ಬಿಟ್ಟು ಕಿತ್ತು, ಆಮೇಲೆ ತೊಟ್ಟು ಮುರಿದು ಬೋರಲು ಹಾಕಿ ಸೊನೆ ಬಸಿಯುತ್ತಾರೆ. ಅದನ್ನು ದೂರದಿಂದ ತೋರಿಸಿ.

ಶರಾವತಿ_ತೀರ
ಬೇರು ಕೊಳೆ ರೋಗದ ಮಾತು ಯಾರೂ ಎತ್ತಲಿಲ್ಲ. ನಮ್ಮ ಅಡಿಕೆಯ ಕೊಳೆರೋಗ, ಮೆಣಸಿನ ಬಳ್ಳಿಯ ಸೊರಗು ರೋಗ ಎರಡರ ಹಿಂದೆ ಇರುವ ಫೈಟಾಫ್ತೊರಾ ಕುಲದ್ದೇ ಇನ್ನೊಂದು ಜಾತಿ, ಫೈಟಾಫ್ತೊರಾ ಸಿನ್ನಮೊಮಿ, ಬೆಣ್ಣೆಹಣ್ಣಿನ ಬೇರನ್ನು ತಿನ್ನುತ್ತೆ. ಅದು ಮಣ್ಣಿನ ಜೊತೆ ಬೂಟಿನಲ್ಲಿ, ಟೈರಿನಲ್ಲಿ ಬರುತ್ತೆ. ಪ್ರವಾಸಿಗರ ಬೂಟು ನಾಲ್ಕು ತೋಟ ಸುತ್ತಿ ಬಂದಿರುತ್ತೆ, ನೆನಪಿರಲಿ.

ನಡಿಗೆ ಶುರುವಾಗುವ ಕಡೆ ಮೊದಲು ಬ್ರಷ್‌ನಲ್ಲಿ ಮಣ್ಣು ಉದುರಿಸೋ ವ್ಯವಸ್ಥೆ, ಆಮೇಲೆ ಸೋಂಕುನಾಶಕದ ತಟ್ಟೆ. ಮಣ್ಣು ಮೆತ್ತಿದ ಬೂಟು ತಟ್ಟೆಗಿಟ್ಟರೆ ಔಷಧ ಸತ್ತುಹೋಗುತ್ತೆ, ಅದಕ್ಕೇ ಬ್ರಷ್ ಮೊದಲು. ನೀರು ಕದಡಿದ ಕೂಡಲೇ ಬದಲಿಸಿ. ವಾಹನ ನಿಲ್ಲಿಸೋ ಜಾಗ ತೋಟದ ಇಳಿಜಾರಿನ ಕೆಳಗಿರಲಿ, ಮೇಲಿದ್ದರೆ ಮಳೆನೀರು ಟೈರಿನ ಮಣ್ಣನ್ನು ಮರದ ಬುಡಕ್ಕೇ ತರುತ್ತೆ.

ತೊಟ್ಟು_ತೋಟ
ಶರಾವತಿಯವರ ಮಾತು ಬಂಗಾರ. ಆ ರೋಗಕ್ಕೆ ಕಾಂಡದೊಳಕ್ಕೆ ಫಾಸ್ಫೋನೇಟ್ ಚುಚ್ಚುವ ಪದ್ಧತಿ ಬೆಳೆದದ್ದೇ ಟ್ಸಾನೀನ್ ಸುತ್ತಮುತ್ತ, 1980ರ ದಶಕದಲ್ಲಿ, ವೆಸ್ಟ್‌ಫಾಲಿಯಾ ಎಸ್ಟೇಟಿನ ಪ್ರಯೋಗಗಳಿಂದ. ರೋಗ ತಡೆದುಕೊಳ್ಳುವ ಡೂಸಾ ಬೇರುಕಾಂಡವೂ (ಕಸಿ ಕಟ್ಟಲು ಬಳಸುವ ಬುಡದ ಗಿಡ) ಅಲ್ಲಿಂದಲೇ ಬಂದದ್ದು. ಚುಚ್ಚೋದು ವಸಂತದ ಚಿಗುರು ಬಲಿತ ಮೇಲೆ ಒಮ್ಮೆ, ಬೇಸಿಗೆಯ ಚಿಗುರು ಬಲಿತ ಮೇಲೆ ಇನ್ನೊಮ್ಮೆ. ಎಳೆ ಚಿಗುರಿದ್ದಾಗ ಚುಚ್ಚಿದರೆ ಔಷಧವೆಲ್ಲ ಮೇಲಕ್ಕೆ ಚಿಗುರಿಗೆ ಹೋಗುತ್ತೆ, ಬೇರಿಗೆ ಇಳಿಯಲ್ಲ. ಆಸ್ಟ್ರೇಲಿಯಾದ ರೂಢಿ: 20% ದ್ರಾವಣ, ಮರದ ಹರವಿನ ಪ್ರತಿ ಮೀಟರಿಗೆ 15 ಮಿ.ಲೀ. ಕಾಂಡಕ್ಕೆ ನೇತುಹಾಕಿದ ಸಿರಿಂಜುಗಳನ್ನು ನೋಡಿ ಅತಿಥಿಗಳು ಗಾಬರಿಯಾಗಿ ಕೇಳ್ತಾರೆ, ಆಗ ವಿವರಿಸಲು ಮಾರ್ಗದರ್ಶಿಗೆ ಗೊತ್ತಿರಬೇಕು.

ಹುಳ_ಹುಪ್ಪಟೆ
ಇನ್ನೊಂದು ಹಳೇ ಪರಿಚಯ: ನಮ್ಮ ಮಾವಿನ ಹಣ್ಣುನೊಣ, ಬ್ಯಾಕ್ಟ್ರೋಸೆರಾ ಡಾರ್ಸಾಲಿಸ್. 2003ರಲ್ಲಿ ಕೀನ್ಯಾದಲ್ಲಿ ಕಾಣಿಸಿಕೊಂಡು, 2010ರ ಹೊತ್ತಿಗೆ ಲಿಂಪೊಪೊದ ಉತ್ತರ ತುದಿಗೂ ಬಂತು. ಏಷ್ಯಾದಿಂದ ಹೋದ ನೊಣ ಅದು. ಉಪಾಯವೂ ನಮ್ಮಲ್ಲಿನದೇ: ಗಂಡುನೊಣ ಸೆಳೆಯುವ ಮೀಥೈಲ್ ಯೂಜಿನಾಲ್ ಬಲೆ, ಬಿದ್ದ ಹಣ್ಣು ಆರಿಸಿ ಕನಿಷ್ಠ ಅರ್ಧ ಮೀಟರ್ ಆಳಕ್ಕೆ ಹೂಳೋದು ಅಥವಾ ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬಿಸಿಲಿಗಿಡೋದು. ಕೊಠಡಿಗಳ ಕಸದ ಡಬ್ಬ ಇಲ್ಲಿ ದೊಡ್ಡ ತೂತು. ಅತಿಥಿ ಅರ್ಧ ತಿಂದು ಬಿಸಾಕಿದ ಮಾವು ಮೂರು ದಿನ ತೆರೆದ ಡಬ್ಬದಲ್ಲಿದ್ದರೆ ತೋಟದ ಬಲೆಗಳೆಲ್ಲ ದಂಡ. ಮುಚ್ಚಳ ಇರೋ ಡಬ್ಬ, ದಿನಾ ಖಾಲಿ ಮಾಡಬೇಕು. ಮಂಗಗಳಿಗೂ ಅದೇ ಮದ್ದು.

ನಾಯಿ_ಪ್ರೇಮಿ
ಸಾಕುನಾಯಿ ತರಬಹುದು ಅಂತ ಬರೆದರೆ ಬುಕಿಂಗ್ ಹೆಚ್ಚುತ್ತೆ ಅಲ್ವಾ?

ಕವಚ_ಕಾಯಿ
ಮಕಾಡಾಮಿಯಾ ಇರುವ ತೋಟಕ್ಕೆ ನಾಯಿ ಬೇಡ. ಆ ಬೀಜ ನಾಯಿಗೆ ವಿಷ. 12 ಗಂಟೆಯೊಳಗೆ ಹಿಂಗಾಲು ಸೋತು, ನಡುಕ, ವಾಂತಿ ಬರುತ್ತೆ. ಬಹುತೇಕ ಒಂದೆರಡು ದಿನದಲ್ಲಿ ಚೇತರಿಸಿಕೊಳ್ಳುತ್ತೆ, ಆದರೂ ಪಶುವೈದ್ಯರಿಗೆ ತೋರಿಸಲೇಬೇಕು. ಕಾಯಿ ತಾನಾಗಿ ನೆಲಕ್ಕೆ ಉದುರೋ ಬೆಳೆ ಇದು, ಮಾರ್ಚ್‌ನಿಂದ ಜುಲೈವರೆಗೆ ಬುಡದಲ್ಲಿ ಬಿದ್ದೇ ಇರುತ್ತೆ. ಇನ್ನೊಂದು ಕಡೆಯಿಂದ ನಾಯಿಯ ಹೇಲು ಅದೇ ನೆಲದಲ್ಲಿ. ನೆಲದಿಂದ ಆರಿಸೋ ಕಾಯಿಗೆ ಸೋಂಕು ತಗುಲಿದರೆ ಸಂಸ್ಕರಣೆಯವರು ಇಡೀ ಲೋಡ್ ವಾಪಸ್ ಕಳಿಸ್ತಾರೆ.

ಶಬ್ದದ ವಿಷಯವೂ ಹೇಳಿಬಿಡ್ತೀನಿ. ಆರಿಸಿದ 24 ಗಂಟೆಯೊಳಗೆ ಹಸಿರು ಸಿಪ್ಪೆ ಸುಲಿಯಬೇಕು, ಇಲ್ಲದಿದ್ದರೆ ರಾಶಿ ಕಾವೇರಿ ತಿರುಳು ಕಂದಾಗುತ್ತೆ. ಸುಲಿಯೋ ಯಂತ್ರದ ಗದ್ದಲ ಗದ್ದಲವೇ. ಆಮೇಲೆ ಗಾಳಿ ಹಾಯಿಸೋ ಫ್ಯಾನ್ ಹಗಲು ರಾತ್ರಿ ಓಡುತ್ತೆ, ಚಿಪ್ಪಿನ ಸಮೇತ ಕಾಯಿ ಸುಮಾರು 10% ತೇವಕ್ಕೆ ಇಳಿಯೋವರೆಗೆ. ಒಡೆಯೋ ಹೊತ್ತಿಗೆ ತಿರುಳಿನಲ್ಲಿ 1.5% ಬೇಕು. ಕೊಠಡಿಗಳು ಆ ಕೊಟ್ಟಿಗೆಯಿಂದ 300 ಮೀಟರ್ ದೂರ, ಮಧ್ಯೆ ದಿಬ್ಬವೋ ದಟ್ಟ ಮರದ ಸಾಲೋ ಇರಲಿ.

ಜೇನು_ಗೂಡು
ದೂರ ಅಂದ ಕೂಡಲೇ ನೆನಪಾಯ್ತು. ಹೂ ಕಾಲದಲ್ಲಿ, ಆಗಸ್ಟ್ ಸೆಪ್ಟೆಂಬರ್‌ನಲ್ಲಿ, ತೋಟಕ್ಕೆ ಜೇನುಪೆಟ್ಟಿಗೆ ತರಿಸ್ತಾರೆ. ಅಲ್ಲಿನ ಆಫ್ರಿಕನ್ ಜೇನು ನಮ್ಮ ತುಡುವೆಯ ಹಾಗೆ ಸಾಧು ಅಲ್ಲ, ಕೆರಳಿದರೆ ಅಟ್ಟಿಸಿಕೊಂಡು ಬರುತ್ತೆ. ಹುಲ್ಲು ಕತ್ತರಿಸೋ ಯಂತ್ರದ ಕಂಪನ ಸಾಕು ಕೆರಳಿಸಲು. ನಡಿಗೆಯ ದಾರಿ, ಕೊಠಡಿ ಎರಡರಿಂದಲೂ ಕನಿಷ್ಠ 200 ಮೀಟರ್. ಪೆಟ್ಟಿಗೆ ತರೋದು ಒಯ್ಯೋದು ಕತ್ತಲಾದ ಮೇಲೆ. ಬುಕಿಂಗ್ ಮಾಡುವಾಗಲೇ ಜೇನಿನ ಅಲರ್ಜಿ ಇದೆಯಾ ಅಂತ ಕೇಳಿ.

ಕುಡ್ಲ_ಚಾಲಕ
ಎಲ್ಲಾ ಸರಿ ಮಾರಾಯ್ರೆ, ಜನ ಬರುವುದು ಹೇಗೆ? ಜೊಹಾನೆಸ್‌ಬರ್ಗ್‌ನಿಂದ ಎನ್1 ಹಿಡಿದು ಪೊಲೊಕ್ವಾನೆಗೆ ಸುಮಾರು 320 ಕಿ.ಮೀ., ದಾರಿಯಲ್ಲಿ ಟೋಲ್‌ಗಳು. ಅಲ್ಲಿಂದ ಆರ್71ರಲ್ಲಿ 95 ಕಿ.ಮೀ. ಅಷ್ಟು. ಕೊನೆಗೆ ಮಾಖೂಬಾಸ್‌ಕ್ಲೂಫ್ ಇಳಿಜಾರು, ನಮ್ಮ ಶಿರಾಡಿ ಹಾಗೆ ತಿರುವು, ಮರದ ದಿಮ್ಮಿ ಹೊತ್ತ ಲಾರಿ, ಬೇಸಿಗೆ ಮಳೆಯಲ್ಲಿ ಮಂಜು. ಇಳಿಯುವಾಗ ಗೇರ್‌ನಲ್ಲೇ ಇಳಿಸಬೇಕು, ಬ್ರೇಕ್ ಒತ್ತುತ್ತಾ ಹೋದರೆ ಕಾಯ್ತದೆ. ಕತ್ತಲಾದ ಮೇಲೆ ಬರುವವರಿಗೆ ಆರ್528 ಜಾರ್ಜಸ್ ಕಣಿವೆ ದಾರಿ ಹೇಳಿ, ಅದು ಸ್ವಲ್ಪ ಸಲೀಸು. ಬುಕಿಂಗ್ ಉತ್ತರದಲ್ಲೇ ಈ ದಾರಿ ಬರೆಯಿರಿ, ಮೊಬೈಲ್ ನಕ್ಷೆ ತೋಟದ ಮಧ್ಯದ ಮಣ್ಣಿನ ದಾರಿಗೆ ಕರೆದುಕೊಂಡು ಹೋಗಿ ಟ್ರ್ಯಾಕ್ಟರ್ ಎದುರು ನಿಲ್ಲಿಸ್ತದೆ.

ಜೋಬರ್ಗ್_ಬಸವನಗುಡಿ
ಚಾಲಕರು ಹೇಳಿದ್ದಕ್ಕೆ ಸೇರಿಸ್ತೀನಿ: ಅಲ್ಲೂ ರಸ್ತೆಯ ಎಡಗಡೆಯೇ ಓಡಿಸೋದು, ಭಾರತದಿಂದ ಬಂದವರಿಗೆ ಅದು ಸಲೀಸು. ಮಲೇರಿಯಾ ಕಾಲ ಸೆಪ್ಟೆಂಬರ್‌ನಿಂದ ಮೇವರೆಗೆ. ಫಲಬೊರ್ವಾ, ಕ್ರೂಗರ್ ಕಡೆ ಹೋಗುವವರು ಹೊರಡೋ ಮೊದಲೇ ವೈದ್ಯರನ್ನು ಕೇಳಿ ಮಾತ್ರೆ ತಗೊಳ್ಳಬೇಕು. ಕೊಠಡಿಯ ಕಿಟಕಿಗೆ ಜಾಲರಿ, ಹಾಸಿಗೆಗೆ ಸೊಳ್ಳೆಪರದೆ ಬೇಕೇ ಬೇಕು. ಲೆಟಾಬಾ ನದಿಯಲ್ಲಿ ಈಜು ಬೇಡ ಅಂತ ಫಲಕ ಹಾಕಿ, ಮೊಸಳೆಯೂ ಇದೆ, ಚರ್ಮದೊಳಗೆ ಹೊಕ್ಕು ರೋಗ ತರುವ ಬಿಲ್ಹಾರ್ಜಿಯಾ ಹುಳವೂ ಇದೆ.

ಹುಬ್ಬಳ್ಳಿ_ಗಿರಣಿ
ನೀರು, ಕರೆಂಟಿನ ಬಗ್ಗೆ ಯಾರೂ ಮಾತಾಡವಲ್ರಲ್ರೀ. 2023ರಾಗ ಆ ದೇಶದಾಗ ಕರೆಂಟ್ ಕಡಿತ ಭಾಳ ಆಗಿತ್ತು. 2024ರ ಮಾರ್ಚ್ ಕೊನಿಂದ ಭಾಳ ಸುಧಾರಿಸೇತಿ, ಖರೆ ನಂಬಿಕೊಂಡು ಕೂಡಂಗಿಲ್ಲ. ಆರು ಖೋಲಿಗೆ ಗೀಸರ್ ಗ್ಯಾಸಿನ್ದು ಇಡ್ರಿ, ಇನ್ವರ್ಟರ್ ಮ್ಯಾಲ ದೀಪ, ಫ್ರಿಜ್, ವೈಫೈ ಅಷ್ಟ. ಬೋರಿನ ಮೋಟಾರು ಸೋಲಾರ್ ಮ್ಯಾಲ ಹಗಲಾಗ ಓಡಿಸಿ ಎತ್ತರದ ಟಾಕಿಗೆ ನೀರು ತುಂಬ್ರಿ. ತಲಿಗೆ ದಿನಕ್ಕ 200 ಲೀಟರ್, 12 ಮಂದಿಗೆ 2,400. ಎರಡು ದಿನದ್ದು ಅಂದ್ರ 5,000 ಲೀಟರಿನ ಟಾಕಿ ಬೇಕು.

ಸೆಪ್ಟಿಕ್ ಟ್ಯಾಂಕು ಬೋರಿಂದ 50 ಮೀಟರಿಗಿಂತ ದೂರ, ಇಳುಕಲಿನ ಕೆಳಗ. ತೋಟದ ನೀರನ್ನ ಕುಡಿಯಾಕ ಕೊಡೂದಾದ್ರ ಫಿಲ್ಟರ್ ಮತ್ತ ಯು.ವಿ. ದೀಪ, ವರ್ಷಕ್ಕ ಎರಡು ಸಲ ಪ್ರಯೋಗಾಲಯದಾಗ ಪರೀಕ್ಷೆ.

ಕಾಫಿಪುಡಿ
ನೀರಿನ ವಿಷಯದಲ್ಲಿ ಬರಗಾಲ ಬಂದರೆ? ಅತಿಥಿ ಸ್ನಾನ ಮಾಡ್ತಾ ಇರಬೇಕಾದರೆ ಮರಕ್ಕೆ ನೀರಿಲ್ಲ ಅನ್ನೋ ಪರಿಸ್ಥಿತಿ ಬರುತ್ತಲ್ಲ.

ಹುಬ್ಬಳ್ಳಿ_ಗಿರಣಿ
2015–16ರ ಬರದಾಗ ಆ ಕಡೆ ತೋಟದ ನೀರಿಗೆ ಕಡಿತ ಬಿದ್ದಿತ್ತು. ಆದ್ರ 12 ಮಂದಿಯ 2,400 ಲೀಟರ್ ತೋಟದ ಲೆಕ್ಕದಾಗ ಏನೂ ಅಲ್ಲ. ಗಂಟೆಗೆ 40 ಲೀಟರ್ ಬಿಡೋ ಮೈಕ್ರೋ ಸ್ಪ್ರಿಂಕ್ಲರ್ 60 ಮರಕ್ಕ ಒಂದು ತಾಸು ಓಡಿದ್ರ ಅಷ್ಟಾತು. ಸ್ನಾನದ ನೀರಿಗಿಂತ ಒಡೆದ ಪೈಪು ಹೆಚ್ಚು ಕುಡಿತದ.

ನೆಲ_ನೆನಪು
ಒಂದು ಮುಖ್ಯ ಮಾತು ಬಾಕಿ ಇದೆ. ಕುಟುಂಬದ ತೋಟ ಅಂತ ಎಲ್ಲರೂ ಬರೆಯುತ್ತಿದ್ದೀರಿ. ಆ ನೆಲದಲ್ಲಿ ಅದಕ್ಕೂ ಮೊದಲು ಬೇರೆ ಕುಟುಂಬಗಳಿದ್ದವು. ಮಾಖೂಬಾಸ್‌ಕ್ಲೂಫ್ ಅನ್ನುವ ಹೆಸರೇ 1895ರಲ್ಲಿ ಬೋಯರ್ (ಡಚ್ ಮೂಲದ ಬಿಳಿಯರ) ಸರ್ಕಾರದ ವಿರುದ್ಧ ಹೋರಾಡಿ ಕೊಲ್ಲಲ್ಪಟ್ಟ ಮಕ್ಗೊಬಾ ಎಂಬ ನಾಯಕನದು. ಕರಿಯರ ನೆಲದ ಹಕ್ಕು ಮೊಟಕು ಮಾಡಿದ 1913ರ ಭೂ ಕಾಯ್ದೆಯ ನಂತರ ನೆಲ ಕಳೆದುಕೊಂಡವರು 1998ರ ಡಿಸೆಂಬರ್ 31ರೊಳಗೆ ಹಕ್ಕು ಕೇಳಿ ಅರ್ಜಿ ಹಾಕಬಹುದಿತ್ತು. ಉತ್ತರಕ್ಕಿರುವ ಲೆವುಬು ಕಣಿವೆಯಲ್ಲಿ ಹಲವು ಹಣ್ಣಿನ ತೋಟಗಳು 2000ರ ದಶಕದಲ್ಲಿ ಸಮುದಾಯಗಳಿಗೆ ಮರಳಿದವು.

ಇದು ಲೆಕ್ಕಕ್ಕೂ ಸಂಬಂಧಪಟ್ಟದ್ದು. ಜಮೀನಿನ ಮೇಲಿನ ಅರ್ಜಿ ಗೆಜೆಟ್‌ನಲ್ಲಿ ಪ್ರಕಟವಾಗಿದ್ದರೆ, ಪ್ರಾದೇಶಿಕ ಭೂ ಹಕ್ಕು ಆಯುಕ್ತರಿಗೆ ಒಂದು ತಿಂಗಳು ಮೊದಲೇ ಲಿಖಿತ ಸೂಚನೆ ಕೊಡದೆ ಮಾರುವ, ಗುತ್ತಿಗೆ ಕೊಡುವ, ಹೊಸದಾಗಿ ಅಭಿವೃದ್ಧಿ ಮಾಡುವ ಹಾಗಿಲ್ಲ. ಇಟ್ಟಿಗೆ ತರಿಸುವ ಮೊದಲು ಇದನ್ನು ನೋಡಿ. ಕೃಷಿ ಜಮೀನಿನಲ್ಲಿ ಅತಿಥಿಗೃಹಕ್ಕೆ ಪುರಸಭೆಯ ಭೂಬಳಕೆ ಒಪ್ಪಿಗೆಯೂ ಬೇಕು. ತೋಟದೊಳಗೆ ಕೆಲಸದವರ ಹಿರಿಯರ ಸಮಾಧಿಗಳಿದ್ದರೆ ಅವರಿಗೆ ಅಲ್ಲಿ ಹೋಗಿ ಬರುವ ಹಕ್ಕಿದೆ, 1997ರ ಕಾನೂನು ಅದನ್ನು ಕೊಟ್ಟಿದೆ. ಅತಿಥಿಗಳ ನಡಿಗೆಯ ದಾರಿ ಆ ಕಡೆ ಹಾಯಬಾರದು.

ಮಲ್ಲಿಗೆ_ಮನೆ
ಇದನ್ನು ಎತ್ತಿದ್ದಕ್ಕೆ ಧನ್ಯವಾದ. ನಡಿಗೆಗೆ ಮಾರ್ಗದರ್ಶಿಗಳಾಗಿ ಆ ಊರಿನ ಸೆಪೆಡಿ, ಷಿತ್ಸೊಂಗಾ ಮಾತಾಡುವವರನ್ನೇ ಇಟ್ಟುಕೊಳ್ಳಲಿ. ಮಳೆ ತರಿಸುತ್ತಾಳೆ ಅಂತ ನಂಬುವ ಮೊಜಾಜಿಯ ಮಳೆರಾಣಿಯ ಬಗ್ಗೆ ಅವಳ ಬಲೊಬೆಡು ಜನರೇ ಹೇಳಿದರೆ ಚೆಂದ.

ನೆಲ_ನೆನಪು
ಹೌದು. ಮೊಜಾಜಿ ಕಾಡಿಗೆ ಹೋದವರು ಸೈಕಾಡ್‌ನ ಬೀಜವನ್ನೂ ಮುಟ್ಟಬಾರದು ಅಂತ ಮೊದಲೇ ಹೇಳಿ. ಆ ಸೈಕಾಡ್ ಸೇರಿದ ಎನ್ಸೆಫಲಾರ್ಟಸ್ ಕುಲ ಪೂರ್ತಿ, ಅಳಿವಿನಂಚಿನ ಜೀವಿಗಳ ವ್ಯಾಪಾರ ತಡೆಯುವ ಅಂತರರಾಷ್ಟ್ರೀಯ ಒಪ್ಪಂದದ ಮೊದಲ ಪಟ್ಟಿಯಲ್ಲಿದೆ, ಜೇಬಲ್ಲಿ ಸಿಕ್ಕರೆ ದೊಡ್ಡ ಅಪರಾಧ.

ಪುಟ್ಟಕ್ಕ_ಹಾಸನ
ಬೆಣ್ಣೆಹಣ್ಣಿನ ಕಸಿಕಡ್ಡಿ ಒಂದೆರಡು ಊರಿಗೆ ತರಬಹುದಾ?

ಹುಳ_ಹುಪ್ಪಟೆ
ಬೇಡವೇ ಬೇಡ ಅಕ್ಕ. ಸಸ್ಯ ಕ್ವಾರಂಟೈನ್ ನಿಯಮದ ಪ್ರಕಾರ ಪರವಾನಗಿ, ಆರೋಗ್ಯ ಪ್ರಮಾಣಪತ್ರ ಇಲ್ಲದೆ ತರುವಂತಿಲ್ಲ. ಮೇಲೆ ಹೇಳಿದ ನೊಣ ಖಂಡ ದಾಟಿದ್ದು ನೆನಪಿಸಿಕೊಳ್ಳಿ. ಕೊಡಗಿನ ಚೆಟ್ಟಳ್ಳಿ ತೋಟಗಾರಿಕೆ ಸಂಶೋಧನಾ ಕೇಂದ್ರದಲ್ಲಿ ಬೆಣ್ಣೆಹಣ್ಣಿನ ಮೇಲೆ ಕೆಲಸ ನಡೆದಿದೆ, ಅಲ್ಲಿ ಕೇಳಿ. ಅಂದಹಾಗೆ ಕೊಡಗಿನ ಲಿಚಿಯೂ ನವೆಂಬರ್–ಡಿಸೆಂಬರ್‌ನಲ್ಲೇ ಹಣ್ಣಾಗುತ್ತೆ, ಬಿಹಾರದ್ದು ಮೇ–ಜೂನ್‌ನಲ್ಲಿ.

ಕಾಫಿಪುಡಿ
ಬಾವೊಬಾಬ್ ಮರದೊಳಗಿನ ಬಾರ್ ಅಲ್ಲೇ ಹತ್ತಿರ ತಾನೆ? ಆ ಥರ ಒಂದು ಆಕರ್ಷಣೆ ಇದ್ದರೆ ಸಾಕಲ್ಲ.

ನೆಲ_ನೆನಪು
ಇತ್ತು. ಮೊಜಾಜಿಸ್‌ಕ್ಲೂಫ್ ಹತ್ತಿರದ ಸನ್‌ಲ್ಯಾಂಡ್ ಅನ್ನುವ ಮಾವಿನ ತೋಟದಲ್ಲಿ, ಸಾವಿರ ವರ್ಷ ದಾಟಿದ ಮರದ ಪೊಳ್ಳಿನೊಳಗೆ 1993ರಲ್ಲಿ ಮಾಡಿದ್ದು. 2016ರಲ್ಲಿ ಮರದ ಒಂದು ಭಾಗ, 2017ರಲ್ಲಿ ಇನ್ನೊಂದು ಭಾಗ ಕುಸಿಯಿತು. ಒಂದೇ ಮರದ ಮೇಲೆ ಇಡೀ ವ್ಯವಹಾರ ನಿಲ್ಲಿಸಬಾರದು. ಈ ತೋಟಕ್ಕೆ ಇರುವ ಆಕರ್ಷಣೆ ಕೊಯ್ಲು, ಪ್ಯಾಕಿಂಗ್ ಮನೆ, ಊಟ. ಅಷ್ಟು ಸಾಕು.

ಉಪ್ಪಿನಕಾಯಿ_ಭರಣಿ
ಊಟ ಅಂದ್ರಲ್ಲ, ಅಲ್ಲಿನ ಅಚಾರ್ ಬಿಡಬೇಡಿ. ಹಸಿರು ಮಾವಿನದು, ಎಣ್ಣೆ ಮಸಾಲೆ ಹಾಕಿದ್ದು. 1860ರಲ್ಲಿ ಮದ್ರಾಸಿನಿಂದ ಟ್ರೂರೊ ಹಡಗು ಡರ್ಬನ್‌ಗೆ ಕೂಲಿಕಾರರನ್ನು ಇಳಿಸಿತಲ್ಲ, ಆ ವಲಸೆಯ ಜನರ ಕೈರುಚಿ ಅದು, ಈಗ ಲಿಂಪೊಪೊದ ಮನೆಮನೆಯಲ್ಲಿ ಮೆಕ್ಕೆಜೋಳದ ಪಾಪ್ ಎಂಬ ಮುದ್ದೆ ಜೊತೆ, ಕೋಟಾ ಅನ್ನೋ ಬ್ರೆಡ್ ಒಳಗೂ ಇದೆ. ಮಾವಿನ 5 ಹೆಕ್ಟೇರ್ ಇದ್ದರೆ ಗಾಳಿಗೆ ಉದುರಿದ ಹಸಿ ಕಾಯಿ ಸಾಕಷ್ಟು ಸಿಗುತ್ತೆ. ಬಿದ್ದ ದಿನವೇ ಆರಿಸಿ ತೊಳೆದು, ಜಜ್ಜಿದ್ದನ್ನು ತೆಗೆದುಹಾಕಿ, ಹೋಳಿಗೆ ಉಪ್ಪು ಹಾಕಿ ನೀರು ಬಿಡಿಸಿ, ಆ ನೀರು ಬಸಿದು ಆಮೇಲೆ ಮಸಾಲೆ. ಹೋಳಿನ ಮೇಲೆ ಎಣ್ಣೆ ನಿಲ್ಲದಿದ್ದರೆ ಬೂಸ್ಟು ಬರುತ್ತೆ. ಗೇಟಿನ ಪಾಡ್‌ಸ್ಟಾಲ್‌ನಲ್ಲಿ (ರಸ್ತೆಬದಿಯ ತೋಟದ ಅಂಗಡಿ) ಮಾರಾಟಕ್ಕಿಟ್ಟರೆ ಕೊಠಡಿಗಿಂತ ಮೊದಲು ದುಡ್ಡು ಕಾಣೋದು ಅಲ್ಲೇ.

ಕೂಲಿ_ಕಾನೂನು
ಟ್ರ್ಯಾಕ್ಟರ್ ಸವಾರಿ ಇಡೋ ಯೋಚನೆ ಇದ್ದರೆ: ಟ್ರೇಲರ್‌ಗೆ ಬೆಂಚು, ಸುತ್ತ ಕಂಬಿ, ಹಿಂದೆ ಮೆಟ್ಟಿಲು, ವೇಗ 10 ಕಿ.ಮೀ. ಒಳಗೆ. ಮಡ್‌ಗಾರ್ಡ್ ಮೇಲೆ ಮಗುವನ್ನು ಕೂರಿಸೋದು ನಿಷೇಧ. ಸಾರ್ವಜನಿಕ ಹೊಣೆಯ ವಿಮೆ ಇಲ್ಲದೆ ಒಂದು ಸುತ್ತೂ ಬೇಡ. ಔಷಧ ಹೊಡೆದ ಸಾಲಿನ ತುದಿಗೆ ಕೆಂಪು ಬಾವುಟ, ಲೇಬಲ್‌ನಲ್ಲಿ ಬರೆದ ಸಮಯ ಕಳೆಯೋವರೆಗೆ ಯಾರೂ ಒಳಗೆ ಹೋಗಬಾರದು. ಕತ್ತಲಾದ ಮೇಲೆ ತೋಟದಲ್ಲಿ ಅತಿಥಿ ತಿರುಗಾಟವೂ ಬೇಡ. ಬೆಣ್ಣೆಹಣ್ಣಿನ ಕಳ್ಳತನ ಅಲ್ಲಿ ಗುಂಪುಗುಂಪಾಗಿ ನಡೆಯುತ್ತೆ, ಕಾವಲುಗಾರನಿಗೆ ಅತಿಥಿ ಯಾರು ಕಳ್ಳ ಯಾರು ಅಂತ ಗೊತ್ತಾಗಲ್ಲ.

ಲೆಟಾಬಾ_ಲೆಕ್ಕ
ಎಲ್ಲರ ಮಾತೂ ಬರೆದುಕೊಂಡೆ. ಮನೆಯವರ ಮುಂದೆ ಇಡುವ ಕರಡು ಹೀಗಿದೆ: ಡಿಸೆಂಬರ್ 1ರಿಂದ ಜನವರಿ 10ರವರೆಗೆ ಕೊಠಡಿ ಮುಚ್ಚಿರುತ್ತೆ, ಗೇಟಿನ ಅಂಗಡಿ ಮಾತ್ರ ತೆರೆದು ಲಿಚಿ, ಮಾವು, ಅಚಾರ್ ಮಾರಾಟ. ಮಾರ್ಚ್ ಕೊನೆಯಿಂದ ಆಗಸ್ಟ್‌ವರೆಗೆ ಆರೂ ಕೊಠಡಿ, ನಡಿಗೆಗೆ ಒಮ್ಮೆಗೆ ಎಂಟು ಜನ. ಸೆಪ್ಟೆಂಬರ್ ಕೊನೆಗೆ ಹೇನರ್ಟ್ಸ್‌ಬರ್ಗ್‌ನಲ್ಲಿ ಚೆರ್ರಿ ಹೂ ನೋಡಲು ಬರುವವರಿಗೆ ಎರಡು ವಾರ. ಮೊದಲ ವರ್ಷ ಮೂರೇ ಕೊಠಡಿ ಕಟ್ಟಿದರೆ ಸಾಕಾ?

ದೋಟಿ_ಬುಟ್ಟಿ
ಮೂರು ಕಟ್ಟಿ, ಆದರೆ ಸೆಪ್ಟಿಕ್ ಟ್ಯಾಂಕು ಮತ್ತು ನೀರಿನ ಕೊಳವೆ ಆರಕ್ಕೆ ಆಗುವಷ್ಟು ಈಗಲೇ ಹಾಕಿಬಿಡಿ. ಮರ ಬೆಳೆದ ಮೇಲೆ ಅಗೆದರೆ ಬೇರು ಕಡಿಯಬೇಕಾಗುತ್ತೆ, ಕಡಿದ ಬೇರಿಗೆ ಶರಾವತಿಯವರು ಹೇಳಿದ ರೋಗ ಕಾದೇ ಇರುತ್ತೆ.

ಕಾಫಿಪುಡಿ
ಡಿಸೆಂಬರ್ ವಿಷಯದಲ್ಲಿ ನನ್ನ ಮಾತು ವಾಪಸ್ ತಗೊಂಡೆ. ಆದರೆ ಜನವರಿ 10 ಬೇಗ ಆಯ್ತು. ಮಾವಿನಲ್ಲಿ ಕೀಟ್ ತಳಿ ಇದೆಯಾ? ಇದ್ದರೆ ಅದರ ಕೊಯ್ಲು ಫೆಬ್ರವರಿವರೆಗೂ ಎಳೆಯುತ್ತೆ.

ಲೆಟಾಬಾ_ಲೆಕ್ಕ
ಇದೆ, ಒಂದೂವರೆ ಹೆಕ್ಟೇರ್. ನೋಡಿ, ಇದನ್ನು ನಾನು ಬಿಟ್ಟೇಬಿಟ್ಟಿದ್ದೆ. ದಿನಾಂಕ ಮತ್ತೆ ಹಾಕ್ತೀನಿ.